ಭಯವರ್ಜಿತವಾದ ಸೀಮೆ: ಹಿತ್ತಲ ಬೇಲಿಯ ವಿವಾದದಲ್ಲಿ ಧರ್ಮಶಾಸ್ತ್ರದ ಮಾರ್ಗ



ನಮ್ಮ ಹಿಂದಿನ ತಲೆಮಾರಿನವರು ಉದ್ಯೋಗಕ್ಕಾಗಿ ಮುಂಬಯಿ, ಪುಣೆ, ಹೈದರಾಬಾದುಗಳನ್ನು ಸೇರಿದಾಗ ಬಾಡಿಗೆಯ ಎರಡು ಕೋಣೆಗಳೇ ಅವರಿಗೆ ದೊರೆತ ನೆಲವಾಗಿತ್ತು. ತುಳಸೀವೃಂದಾವನಕ್ಕೆ ಕಿಟಕಿಯ ಕಟ್ಟೆಯೇ ಸ್ಥಾನ. ಅಂಥಲ್ಲಿ ಭೂಮಿಯ ಗಡಿಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಇಂದು ನಮ್ಮಲ್ಲಿ ಅನೇಕರು ಪಟ್ಟಣದ ಹೊರವಲಯದಲ್ಲಿ ಸ್ವಂತ ನಿವೇಶನ ಕೊಂಡು ಮನೆ ಕಟ್ಟಿಸಿ, ಸುತ್ತಲೂ ನಾಲ್ಕು ಹೂಗಿಡಗಳನ್ನು ಬೆಳೆಸಿಕೊಂಡಿದ್ದಾರೆ. ಇನ್ನು ಕೆಲವರಿಗೆ ಧಾರವಾಡ, ರಾಯಚೂರು, ಉಡುಪಿಗಳ ಕಡೆ ಪಿತ್ರಾರ್ಜಿತವಾದ ಮನೆ, ಹಿತ್ತಲುಗಳಿದ್ದು, ವರ್ಷಕ್ಕೊಮ್ಮೆ ಹೋಗಿ ನೋಡಿಬರುವ ಸ್ಥಿತಿಯಿದೆ. ಈ ಎರಡೂ ಕಡೆಗಳಲ್ಲಿ ಬೇಲಿಯ ನಿಮಿತ್ತ ನೆರೆಹೊರೆಯವರ ನಡುವೆ ಮನಸ್ತಾಪಗಳು ಹುಟ್ಟಿ, ಎಷ್ಟೋ ವರ್ಷಗಳ ಸ್ನೇಹವು ಒಂದಡಿ ಮಣ್ಣಿಗಾಗಿ ಮುರಿದುಬೀಳುವುದನ್ನು ಕಾಣುತ್ತಿದ್ದೇವೆ. ಈ ಲೇಖನವನ್ನು ಬರೆಯುತ್ತಿರುವವನೂ ಅದೇ ಮನಸ್ತಾಪದಲ್ಲಿ ಸಿಲುಕಿ ಹೊರಬಂದವನೇ. ಆದುದರಿಂದ ಈ ಬಾರಿಯ ಪಾಠಕ್ಕೆ ಸೀಮಾವಿವಾದವೆಂಬ ವಿಷಯವನ್ನು ಆರಿಸಿಕೊಂಡಿದ್ದೇನೆ.

ಶಾಸ್ತ್ರದಲ್ಲಿ ಈ ವಿಷಯದ ಸ್ಥಾನ

ಮನುವು ಹೇಳಿರುವ 18 ವ್ಯವಹಾರಪದಗಳಲ್ಲಿ, ಅಂದರೆ ರಾಜನ ಮುಂದೆ ಬರುವ ವ್ಯಾಜ್ಯದ ವಿಷಯಗಳಲ್ಲಿ, ಸೀಮಾವಿವಾದವೂ ಒಂದು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಇದಕ್ಕೆ ಪ್ರತ್ಯೇಕ ಪ್ರಕರಣವೇ ಉಂಟು. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ. ಹೀಗೆ ಈ ವಿಷಯದ ಶ್ರೇಷ್ಠ ವಿವೇಚನೆಯೊಂದು ನಮ್ಮ ನಾಡಿನಲ್ಲಿಯೇ ನಡೆದಿದೆ.

ಭೂಮಿಯ ವಿವಾದಗಳಿಗೆ ಕಾತ್ಯಾಯನನು ಆರು ಕಾರಣಗಳನ್ನು ಎಣಿಸಿದ್ದಾನೆ. ‘ನನ್ನ ಭೂಮಿ ಇದಕ್ಕಿಂತ ಹೆಚ್ಚು’ ಎನ್ನುವುದು, ‘ನಿನ್ನದು ಇದಕ್ಕಿಂತ ಕಡಿಮೆ’ ಎನ್ನುವುದು, ‘ನನಗೆ ಪಾಲುಂಟು’ ಎನ್ನುವುದು, ‘ನಿನಗೆ ಪಾಲಿಲ್ಲ’ ಎನ್ನುವುದು, ಹಿಂದೆ ಅನುಭವಿಸದಿದ್ದುದನ್ನು ಈಗ ಅನುಭವಿಸತೊಡಗುವುದು, ಮತ್ತು ಗಡಿ. ಇಂದಿನ ಯಾವ ನ್ಯಾಯಾಲಯದ ಭೂವ್ಯಾಜ್ಯವನ್ನು ತೆಗೆದು ನೋಡಿದರೂ ಅದು ಬಹುತೇಕ ಈ ಆರರಲ್ಲಿ ಒಂದರೊಳಗೆ ಬಂದು ಕೂಡುತ್ತದೆ.

ಗಡಿಯ ಗುರುತುಗಳು

ಸೀಮೆಯ ವಿಷಯದಲ್ಲಿ ಜನರು ಸದಾ ತಪ್ಪುವರೆಂಬುದನ್ನು ಮನುವು ಮೊದಲೇ ಅರಿತು, ಪ್ರಕಟವಾದ ಮತ್ತು ಗುಪ್ತವಾದ ಎರಡು ಬಗೆಯ ಗುರುತುಗಳನ್ನು ವಿಧಿಸಿದ್ದಾನೆ. ಆಲ, ಅರಳಿ, ಮುತ್ತುಗ, ಬೂರುಗ, ತಾಳೆ ಮೊದಲಾದ ಮರಗಳು, ಬಿದಿರಿನ ಮೆಳೆ, ಬನ್ನಿ, ಮಣ್ಣಿನ ದಿಬ್ಬ, ಕೆರೆ, ಬಾವಿ, ದೇವಾಲಯ, ಇವು ಕಣ್ಣಿಗೆ ಕಾಣುವ ಗುರುತುಗಳು. ಕಲ್ಲು, ಹೊಟ್ಟು, ಬೂದಿ, ಇದ್ದಿಲು, ಇಟ್ಟಿಗೆ, ಮಡಕೆಯ ಚೂರು, ಮರಳು ಮುಂತಾಗಿ ಮಣ್ಣು ಬೇಗ ತಿಂದುಹಾಕದಂಥ ಪದಾರ್ಥಗಳನ್ನು ಗಡಿಯಲ್ಲಿ ಹೂಳುವುದು ಗುಪ್ತವಾದ ಗುರುತು. ಮರವನ್ನು ಕಡಿಯಬಹುದು, ದಿಬ್ಬವನ್ನು ಸಮ ಮಾಡಬಹುದು. ಆದರೆ ನೆಲದೊಳಗಿನ ಇದ್ದಿಲು ಸುಮ್ಮನೆ ಸಾಕ್ಷಿಯಾಗಿ ಕುಳಿತಿರುತ್ತದೆ. ಗಡಿಯನ್ನು ನಿರ್ಣಯಿಸಲು ಜ್ಯೇಷ್ಠ ಮಾಸವೇ ತಕ್ಕ ಕಾಲವೆಂದು ಹೇಳಿರುವುದೂ ಅರ್ಥಪೂರ್ಣ. ಆಗ ಹುಲ್ಲು ಒಣಗಿ ಗುರುತುಗಳು ನಿಚ್ಚಳವಾಗಿ ಕಾಣುತ್ತವೆ.

ನಮ್ಮ ನಾಡಿನ ಶಾಸನಗಳಲ್ಲಿಯೂ ದಾನಭೂಮಿಯ ಚತುಸ್ಸೀಮೆಯನ್ನು ವಿವರವಾಗಿ ಹೇಳಿ, ವಾಮನಮುದ್ರೆಯ ಕಲ್ಲುಗಳನ್ನು ನೆಡಿಸಿದ ಉಲ್ಲೇಖಗಳಿವೆ. ಮೂರು ಹೆಜ್ಜೆಯ ನೆಲವನ್ನು ಬೇಡಿದ ಭಗವಂತನ ರೂಪವೇ ಗಡಿಕಲ್ಲಿನ ಮೇಲೆ ನಿಂತದ್ದು ಎಷ್ಟು ಉಚಿತ!

ಬೇಲಿಯ ಕುರಿತಾಗಿ ಮನುವಿನ ಮಾತು ವಿನೋದವಾಗಿ ಕಂಡರೂ ವ್ಯಾವಹಾರಿಕವಾದುದು. ಗೋಮಾಳದ ಪಕ್ಕದ ಹೊಲಕ್ಕೆ ಒಂಟೆಯು ಇಣುಕಿ ನೋಡಲಾರದಷ್ಟು ಎತ್ತರದ ಬೇಲಿಯನ್ನು ಕಟ್ಟಬೇಕು. ನಾಯಿ, ಹಂದಿಗಳು ಮೂತಿ ತೂರಿಸುವಂಥ ಕಂಡಿಗಳನ್ನೆಲ್ಲ ಮುಚ್ಚಬೇಕು. ಬೇಲಿಯಿಲ್ಲದ ಪೈರನ್ನು ದನಗಳು ಮೇಯ್ದರೆ ದನಗಾಹಿಗೆ ದಂಡವಿಲ್ಲ. ಅಂದರೆ ಬೇಲಿ ಹಾಕಿಕೊಳ್ಳುವುದು ನೆರೆಯವನ ಮೇಲಿನ ಅವಿಶ್ವಾಸವಲ್ಲ, ತನ್ನ ಕರ್ತವ್ಯ. ಆದರೆ ಆ ಬೇಲಿಯು ಎಲ್ಲಿ ನಿಲ್ಲಬೇಕೆಂಬುದು ಮೊದಲು ತೀರ್ಮಾನವಾಗಬೇಕು. ಇಲ್ಲವಾದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಗುತ್ತದೆ.

ಐದು ಬಗೆಯ ಸೀಮೆ

ಮಿತಾಕ್ಷರೆಯು ನಾರದನ ಮತವನ್ನು ಅನುಸರಿಸಿ ಸೀಮೆಯನ್ನು ಐದಾಗಿ ವಿಂಗಡಿಸುತ್ತದೆ. ಬಾವುಟದಂತೆ ಎದ್ದುಕಾಣುವ ಮರಗಳಿಂದ ಗುರುತಾದದ್ದು ‘ಧ್ವಜಿನೀ’. ನೀರಿನಿಂದ ಗುರುತಾದದ್ದು ‘ಮತ್ಸ್ಯಿನೀ’. ಹೂತಿಟ್ಟ ಪದಾರ್ಥಗಳಿಂದ ತಿಳಿಯುವುದು ‘ನೈಧಾನೀ’. ಯಾವ ಗುರುತೂ ಇಲ್ಲದಿದ್ದಾಗ ರಾಜಾಜ್ಞೆಯಿಂದ ಏರ್ಪಟ್ಟದ್ದು ‘ರಾಜಶಾಸನನೀತಾ’. ಇನ್ನುಳಿದದ್ದು ‘ಭಯವರ್ಜಿತಾ’. ವಾದಿ, ಪ್ರತಿವಾದಿಗಳಿಬ್ಬರೂ ಪರಸ್ಪರ ಒಪ್ಪಿ ನಿರ್ಮಿಸಿಕೊಂಡ ಸೀಮೆಗೆ ಈ ಹೆಸರು ಎಂದು ವಿಜ್ಞಾನೇಶ್ವರನ ವಿವರಣೆ.

ಉಳಿದ ಹೆಸರುಗಳು ಗಡಿಯು ಯಾವುದರಿಂದ ಆಯಿತೆಂಬುದನ್ನು ಹೇಳುತ್ತವೆ. ಈ ಒಂದು ಹೆಸರು ಮಾತ್ರ ಗಡಿಯ ಎರಡು ಬದಿಗಳಲ್ಲಿ ಬಾಳುವವರ ಮನಸ್ಸನ್ನು ಹೇಳುತ್ತದೆ. ಮರವಿದ್ದರೂ ಅದನ್ನು ಕಡಿದಾರೆಂಬ ಭಯ. ಕಲ್ಲಿದ್ದರೂ ಅದನ್ನು ಸರಿಸಿಯಾರೆಂಬ ಭಯ. ರಾಜಾಜ್ಞೆಯಿದ್ದರೂ ಮೇಲ್ಮನವಿಯ ಭಯ. ಒಪ್ಪಿಗೆಯಿಂದಾದ ಗಡಿಗೆ ಈ ಭಯಗಳಿಲ್ಲ.

ನೆರೆಯವರೇ ಪ್ರಮಾಣ

ಗುರುತುಗಳಿಂದ ನಿರ್ಣಯವಾಗದಿದ್ದರೆ ಸಾಕ್ಷಿಗಳನ್ನು ಆಶ್ರಯಿಸಬೇಕು. ಅವರು ಕೆಂಪು ವಸ್ತ್ರ, ಕೆಂಪು ಮಾಲೆಗಳನ್ನು ಧರಿಸಿ, ತಲೆಯ ಮೇಲೆ ಮಣ್ಣನ್ನು ಹೊತ್ತು, ತಮ್ಮ ಪುಣ್ಯದ ಮೇಲೆ ಆಣೆಯಿಟ್ಟು ಗಡಿಯನ್ನು ತೋರಿಸಬೇಕೆಂದು ಮನುವಿನ ವಿಧಿ. ಯಾವ ಮಣ್ಣಿನ ಬಗ್ಗೆ ಮಾತನಾಡುವರೋ ಆ ಮಣ್ಣೇ ಶಿರಸ್ಸಿನ ಮೇಲಿರುವಾಗ ನಾಲಗೆಯು ಸುಲಭವಾಗಿ ಸುಳ್ಳಾಡದು.

ಹೊಲ, ಬಾವಿ, ಕೆರೆ, ತೋಟ ಮತ್ತು ಮನೆಗಳ ಗಡಿಯ ನಿರ್ಣಯವು ‘ಸಾಮಂತ’ರ ಮಾತಿನ ಮೇಲೆ ನಿಂತಿದೆ ಎಂದೂ ಹೇಳಲಾಗಿದೆ. ಇಲ್ಲಿ ಸಾಮಂತರೆಂದರೆ ಅಧೀನ ರಾಜರಲ್ಲ, ಸುತ್ತಮುತ್ತಲಿನ ನೆರೆಯವರು. ಅವರು ಸುಳ್ಳು ಹೇಳಿದರೆ ಒಬ್ಬೊಬ್ಬರಿಗೂ ಮಧ್ಯಮ ಸಾಹಸದಂಡ, ಅಂದರೆ 500 ಪಣ. ಹೆದರಿಸಿ ಇನ್ನೊಬ್ಬರ ಮನೆ, ತೋಟ, ಹೊಲಗಳನ್ನು ಕಸಿದುಕೊಂಡವನಿಗೂ 500 ಪಣ. ಅರಿಯದೆ ತೆಗೆದುಕೊಂಡವನಿಗೆ 200 ಪಣ. ಓದುಗರು ಈ ಕೊನೆಯ ಮಾತನ್ನು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಅಜ್ಞಾನದಿಂದ ದಂಡವು ಕಡಿಮೆಯಾಯಿತೇ ಹೊರತು ಇಲ್ಲವಾಗಲಿಲ್ಲ.

ಸ್ವಾನುಭವ

ನಾನು ರೈಲ್ವೆಯ ಎಂಜಿನಿಯರಿಂಗ್ ವಿಭಾಗದಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ಹಳಿಯ ಎರಡೂ ಬದಿಯ ಗಡಿಕಲ್ಲುಗಳನ್ನು ನಕಾಶೆಯೊಂದಿಗೆ ತಾಳೆನೋಡುವುದು, ಒತ್ತುವರಿ ಕಂಡಲ್ಲಿ ನೋಟೀಸು ಕಳಿಸುವುದು ನನ್ನ ಕೆಲಸದ ಭಾಗವೇ ಆಗಿತ್ತು. ಅಂಥವನು ಪುಣೆಯ ಹೊರವಲಯದಲ್ಲಿ 2003ರಲ್ಲಿ ಸ್ವಂತ ಮನೆ ಕಟ್ಟಿಸಿದಾಗ ಹಿತ್ತಲಿನ ಬೇಲಿಯನ್ನು ಮಾಲಿಯ ಕೈಗೆ ಬಿಟ್ಟೆ. ಮೂಲೆಯ ಕಲ್ಲು ಕಟ್ಟಡದ ಅವಶೇಷಗಳ ಅಡಿಯಲ್ಲಿ ಹೂತುಹೋಗಿತ್ತು. ಮಾಲಿಯು ವಿದ್ಯುತ್ ಕಂಬದಿಂದ ದಾರ ಎಳೆದು ಮೆಹಂದಿಯ ಗಿಡಗಳನ್ನು ಸಾಲಾಗಿ ನೆಟ್ಟನು. ಬೇಲಿಯ ಒಳಬದಿಗೆ ನನ್ನ ಧರ್ಮಪತ್ನಿಯು ಪೂಜೆಗೆಂದು ಒಂದು ಪಾರಿಜಾತವನ್ನು ನೆಟ್ಟಳು.

ಪಕ್ಕದವರು ಶಾಲೆಯ ಶಿಕ್ಷಕರಾಗಿ ನಿವೃತ್ತರಾದ ಮರಾಠಿ ಗೃಹಸ್ಥರು. ಪ್ರತಿವರ್ಷ ಸಂಕ್ರಾಂತಿಗೆ ಅವರ ಮನೆಯ ತಿಳಗುಳದ ತಟ್ಟೆ ಬೇಲಿಯ ಮೇಲಿಂದ ಈಚೆ ಬರುವುದು, ನಮ್ಮ ಎಳ್ಳುಬೆಲ್ಲದ ತಟ್ಟೆ ಆಚೆ ಹೋಗುವುದು. 2018ರ ದೀಪಾವಳಿಯ ನಂತರ ಅವರ ಮಗನು ಬಂದು, “ಕಾಕಾ, ಬೇಲಿ ತೆಗೆದು ಗೋಡೆ ಕಟ್ಟಿಸಬೇಕೆಂದಿದ್ದೇವೆ. ಆದರೆ ನಮ್ಮ ಪತ್ರದ ಅಳತೆಗೂ ಈ ಬೇಲಿಗೂ ಕೂಡಿಬರುತ್ತಿಲ್ಲ” ಎಂದನು. ನನ್ನನ್ನು ಒತ್ತುವರಿದಾರನೆಂದು ಕರೆದಂತಾಯಿತು. “ನಾನು ಗಡಿಯ ಕೆಲಸವನ್ನೇ ಜೀವಮಾನವಿಡೀ ಮಾಡಿದವನು, ನನಗೆ ಹೇಳಿಕೊಡಬೇಡ” ಎಂದು ಸಿಡುಕಿದೆ. ಮಾತು ಅಲ್ಲಿಗೆ ನಿಂತಿತು. ಎರಡು ತಿಂಗಳ ಬಳಿಕ ಬಂದ ಸಂಕ್ರಾಂತಿಯಲ್ಲಿ ಮೊದಲ ಬಾರಿಗೆ ಯಾವ ತಟ್ಟೆಯೂ ಬೇಲಿಯನ್ನು ದಾಟಲಿಲ್ಲ. ಆ ಹಬ್ಬದಲ್ಲಿ ಸಿಹಿಯಾಗಿ ಮಾತನಾಡಿರೆಂದು ಹೇಳಿಕೊಳ್ಳುವುದು ಮರಾಠಿಗರ ಸಂಪ್ರದಾಯ. ನಾವು ಕಹಿಯಾಗಿಯೂ ಮಾತನಾಡಲಿಲ್ಲ, ಮಾತನ್ನೇ ಆಡಲಿಲ್ಲ.

ಪರಿಚಿತ ವಕೀಲರನ್ನು ಕೇಳಿದೆ. ಅವರು, “ಹದಿನೈದು ವರ್ಷದ ಬೇಲಿ. ಅಳತೆ ಏನೇ ಇರಲಿ, ಹನ್ನೆರಡು ವರ್ಷ ಮೀರಿದ ಸ್ವಾಧೀನವೆಂದು ವಾದಿಸಲು ಅವಕಾಶವುಂಟು” ಎಂದರು. ನನ್ನ ಮನಸ್ಸಿಗೆ ಸಮಾಧಾನವಾಯಿತೆಂಬುದನ್ನು ಇಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಅದೇ ದಿನಗಳಲ್ಲಿ ರವಿವಾರಗಳಂದು ಕೆಲವು ತರುಣರಿಗೆ ವ್ಯವಹಾರಾಧ್ಯಾಯದ ಪಾಠ ಹೇಳುತ್ತಿದ್ದೆ. ಫೆಬ್ರುವರಿಯ ಒಂದು ದಿನ ಭುಕ್ತಿಯ ಪ್ರಕರಣ ಬಂದಿತು. ಒಡೆಯನು ಕಣ್ಣಾರೆ ಕಾಣುತ್ತಲೂ ಏನನ್ನೂ ಹೇಳದೆ ಇದ್ದು, ಪರರು 20 ವರ್ಷ ಭೂಮಿಯನ್ನು ಅನುಭವಿಸಿದರೆ ಒಡೆಯನಿಗೆ ಹಾನಿ ಎಂದು ಯಾಜ್ಞವಲ್ಕ್ಯನ ಮಾತು. ಅದು ಫಲದ ಹಾನಿಯೇ ಹೊರತು ಭೂಮಿಯ ಹಾನಿಯಲ್ಲ ಎಂಬುದು ವಿಜ್ಞಾನೇಶ್ವರನ ಸಿದ್ಧಾಂತ. ಮುಂದಿನ ಶ್ಲೋಕದಲ್ಲಿ ಈ ನಿಯಮಕ್ಕೆ ಒಳಪಡದ ವಸ್ತುಗಳ ಪಟ್ಟಿಯಿದೆ. ಒತ್ತೆ, ಸೀಮೆ, ನಿಕ್ಷೇಪ, ಬಾಲಕರ ಧನ, ಸ್ತ್ರೀಯರ ಧನ ಇತ್ಯಾದಿ. ಒಬ್ಬ ವಿದ್ಯಾರ್ಥಿನಿಯು, “ರಾಯರೇ, ಬಾಲಕರದು ತಿಳಿಯಿತು. ಸೀಮೆಯನ್ನು ಏಕೆ ಇದರಲ್ಲಿ ಸೇರಿಸಿದರು?” ಎಂದು ಕೇಳಿದಳು. ನಾನು ಮಿತಾಕ್ಷರೆಯನ್ನು ತೆರೆದು ಓದಿ ಹೇಳಿದೆ: ಹೊಟ್ಟು, ಇದ್ದಿಲು ಮೊದಲಾದ ಹಳೆಯ ಗುರುತುಗಳಿಂದ ಗಡಿಯನ್ನು ಯಾವಾಗಲಾದರೂ ಸುಲಭವಾಗಿ ಸಾಧಿಸಬಹುದಾದುದರಿಂದ ಒಡೆಯನು ಉಪೇಕ್ಷೆಯಿಂದ ಸುಮ್ಮನಿರುವುದು ಸಂಭವ; ಆ ಮೌನವನ್ನು ಒಪ್ಪಿಗೆಯೆಂದು ತಿಳಿಯಬಾರದು.

ಹೇಳಿ ಮುಗಿಸಿದ ಮೇಲೆ ಪುಟ ತಿರುವಲು ಕೈ ಬರಲಿಲ್ಲ. ಆ ವಾಕ್ಯವು ನನ್ನ ಹಿತ್ತಲನ್ನೇ ಕುರಿತು ಬರೆದಂತಿತ್ತು.

ಮರುದಿನ ಬೆಳಿಗ್ಗೆ ಆಹ್ನಿಕ ಮುಗಿಸಿ ನೆರೆಯವರ ಬಾಗಿಲಿಗೆ ಹೋದೆ. “ಸರ್ಕಾರಿ ಮೋಜಣಿ ಮಾಡಿಸೋಣ. ಖರ್ಚೆಲ್ಲ ನನ್ನದು. ಕಲ್ಲು ಎಲ್ಲಿ ಸಿಕ್ಕರೆ ಅದೇ ಗಡಿ” ಎಂದೆ. ಆ ವೃದ್ಧರು ಬಹಳ ಹೊತ್ತು ಸುಮ್ಮನಿದ್ದು, “ರಾವ್ ಸಾಹೇಬ್, ನೀವು ಗಿಡ ನೆಡುವ ದಿನವೇ ನನಗೆ ಸಂಶಯ ಬಂದಿತ್ತು. ಹೊಸದಾಗಿ ಬಂದವರು, ಒಂದಡಿ ಮಣ್ಣಿಗಾಗಿ ಏನು ಹೇಳುವುದೆಂದು ಸುಮ್ಮನಾದೆ. ಈಗ ಮಗನು ಕೇಳಿದರೆ ಅವನಿಗೆ ಏನು ಹೇಳಲಿ?” ಎಂದರು.

ಅವರು ಹದಿನೈದು ವರ್ಷ ಕಾದುಕೊಂಡು ಬಂದ ಸೌಜನ್ಯವನ್ನೇ ನಾನು ಅವರ ವಿರುದ್ಧದ ಆಧಾರವನ್ನಾಗಿ ಮಾಡಿಕೊಳ್ಳಹೊರಟಿದ್ದೆ.

ಮೋಜಣಿಯು 2019ರ ಜೂನ್ ಮೊದಲ ವಾರ ನಡೆಯಿತು. ಜ್ಯೇಷ್ಠ ಮಾಸವು ಆಗತಾನೆ ಹುಟ್ಟಿತ್ತು. ಮಳೆ ಇನ್ನೂ ಬಂದಿರಲಿಲ್ಲ. ಎರಡೂ ಮನೆಯವರು, ಹಿಂದಿನ ನಿವೇಶನದವರು, ಎಲ್ಲರ ಎದುರಿನಲ್ಲಿ ಭೂಮಾಪಕರು ಗುರುತಿಸಿದ ಜಾಗದಲ್ಲಿ ಗುದ್ದಲಿಯು ಒಂದು ಮೊಳದ ಆಳದಲ್ಲಿ ಕಲ್ಲಿಗೆ ತಾಗಿತು. ಸುತ್ತಲೂ ಇಟ್ಟಿಗೆಯ ಚೂರುಗಳಿದ್ದವು. ಬೇಲಿಯು ಅವರ ನೆಲದಲ್ಲಿ ಒಂದೂಕಾಲು ಅಡಿ ಒಳಗಿತ್ತು. 40 ಅಡಿಯ ಉದ್ದಕ್ಕೆ 50 ಚದರ ಅಡಿ. ಮನುವಿನ 200 ಪಣದ ದಂಡಕ್ಕೆ ಬದಲಾಗಿ ಮೋಜಣಿಯ ಶುಲ್ಕವನ್ನು, ಬೇಲಿ ಕೀಳಿಸಿದ ಕೂಲಿಯನ್ನು ನಾನೇ ಕೊಟ್ಟೆ.

ಇಂದಿನ ಕಾನೂನು

ಶಾಸ್ತ್ರವು ನೆರೆಯವನ ಮೌನವನ್ನು ಕ್ಷಮಿಸಿತು. ಇಂದಿನ ಕಾನೂನು ಅಷ್ಟು ಉದಾರವಾಗಿಲ್ಲ. 1963ರ ಕಾಲಮಿತಿ ಅಧಿನಿಯಮದಂತೆ, ಇನ್ನೊಬ್ಬನು ತನ್ನದೇ ಎಂದು ಬಹಿರಂಗವಾಗಿ, ಒಡೆಯನ ಹಕ್ಕಿಗೆ ವಿರುದ್ಧವಾಗಿ ಭೂಮಿಯನ್ನು 12 ವರ್ಷ ನಿರಂತರ ಅನುಭವಿಸಿದರೆ, ಒಡೆಯನು ದಾವೆಯ ಹಕ್ಕನ್ನಷ್ಟೇ ಅಲ್ಲ, ಭೂಮಿಯ ಹಕ್ಕನ್ನೂ ಕಳೆದುಕೊಳ್ಳಬಹುದು. ಹಾಗೆ ಹಕ್ಕು ಪಡೆದವನು ತಾನೇ ವಾದಿಯಾಗಿಯೂ ನ್ಯಾಯಾಲಯಕ್ಕೆ ಹೋಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಆಗಸ್ಟ್ 7ರಂದು ತೀರ್ಪಿತ್ತಿದೆ. ಬರಿಯ ಕಾಲಾವಧಿ ಸಾಲದು, ಒಡೆಯನ ಅನುಮತಿಯಿಂದ ನಡೆದ ಅನುಭವವು ಇದಕ್ಕೆ ಸೇರದು ಎಂಬುದು ನಿಜ. ಆದರೆ ಅದನ್ನು ಸಾಧಿಸಲು ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಆದುದರಿಂದ ಈ ಕಾಲದಲ್ಲಿ ಮೌನವು ಸೌಜನ್ಯವಲ್ಲ. ಸಕಾಲದಲ್ಲಿ ಆಡಿದ ಮೃದುವಾದ ಮಾತೇ ಸೌಜನ್ಯ.

ಆಚರಿಸತಕ್ಕ ಕ್ರಮ

ಮೊದಲನೆಯದಾಗಿ, ಕ್ರಯಪತ್ರದ ಚಕ್ಕುಬಂದಿಯನ್ನೂ ನಕಾಶೆಯನ್ನೂ ತೆಗೆದು ಸ್ವತಃ ಅಳೆದು ನೋಡಬೇಕು. ತಪ್ಪು ನಮ್ಮ ಕಡೆಯಲ್ಲಿಯೇ ಇರಬಹುದೆಂಬ ಬುದ್ಧಿಯಿಂದ ಅಳೆಯಬೇಕು.

ಎರಡನೆಯದಾಗಿ, ವಕೀಲರ ನೋಟೀಸಿಗೆ ಮುಂಚೆ ನೆರೆಯವರ ಮನೆಗೆ ಹೋಗಿ ಮಾತನಾಡಬೇಕು. ಇಬ್ಬರೂ ಒಪ್ಪಿದ ಮೇಲೆ ಸರ್ಕಾರಿ ಅಳತೆಗೆ ಅರ್ಜಿ ಹಾಕಬೇಕು. ಮಹಾರಾಷ್ಟ್ರದಲ್ಲಿ ಭೂಮಿ ಅಭಿಲೇಖ ಕಚೇರಿಯಲ್ಲಿ ‘ಹದ್ದ ಕಾಯಮ್ ಮೋಜಣಿ’ ಎಂದೂ, ಕರ್ನಾಟಕದ ಭೂಮಾಪನ ಇಲಾಖೆಯಲ್ಲಿ ‘ಹದ್ದುಬಸ್ತು’ ಎಂದೂ ಇದಕ್ಕೆ ಹೆಸರು. ಊರಿನಲ್ಲಿ ಹಿತ್ತಲಿರುವವರು ಒಮ್ಮೆಯಾದರೂ ಹದ್ದುಬಸ್ತು ಮಾಡಿಸಿ, ಬಾಂದು ಕಲ್ಲುಗಳನ್ನು ಸುತ್ತಲಿನವರಿಗೆ ತೋರಿಸಿ, ಭಾವಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಮೂರನೆಯದಾಗಿ, ಅಳತೆಯ ದಿನ ಸಾಮಂತರು, ಅಂದರೆ ಬೇರೆ ಬದಿಯ ನೆರೆಯವರೂ ಹಾಜರಿರಬೇಕು. ಒಪ್ಪಿದ ಗಡಿಯನ್ನು ಬರೆದು ಇಬ್ಬರೂ ಸಹಿ ಮಾಡಬೇಕು. ಆದರೆ ಇರುವ ಗಡಿಯನ್ನು ಗುರುತಿಸುವುದು ಬೇರೆ, ಭೂಮಿಯನ್ನು ಬಿಟ್ಟುಕೊಡುವುದು ಬೇರೆ. ಎರಡನೆಯದಾದರೆ ನೋಂದಣಿಯಾದ ಪತ್ರವೇ ಬೇಕು. ಅಲ್ಲಿ ವಕೀಲರ ಸಲಹೆ ಅವಶ್ಯ.

ನಾಲ್ಕನೆಯದಾಗಿ, ಕಲ್ಲನ್ನು ಯಾರೂ ಮುಟ್ಟಬಾರದು. ಗಡಿಯ ಗುರುತನ್ನು ಕೆಡಿಸುವುದು, ಗಡಿ ದಾಟಿ ಉಳುವುದು, ಕ್ಷೇತ್ರವನ್ನು ಅಪಹರಿಸುವುದು ಈ ಮೂರಕ್ಕೂ ಯಾಜ್ಞವಲ್ಕ್ಯನು ಬೇರೆ ಬೇರೆ ದಂಡಗಳನ್ನು ಹೇಳಿದ್ದಾನೆ. ಸರ್ಕಾರವು ನೆಟ್ಟ ಗಡಿಗುರುತನ್ನು ನಾಶಮಾಡುವುದು ಇಂದಿನ ದಂಡವಿಧಿಯಲ್ಲಿಯೂ ಅಪರಾಧವೇ.

ಐದನೆಯದಾಗಿ, ಒಪ್ಪಿಗೆ ಸಾಧ್ಯವೇ ಆಗದಿದ್ದರೆ ದೀರ್ಘವಾದ ದಾವೆಗೆ ಮೊದಲು ಲೋಕ ಅದಾಲತ್ತನ್ನು ಯೋಚಿಸಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಅಲ್ಲಿ ಉಭಯಪಕ್ಷಗಳ ರಾಜಿಯಿಂದಾದ ನಿರ್ಣಯಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವುಂಟು. ಅದರ ಮೇಲೆ ಅಪೀಲಿಲ್ಲ. ಅದೂ ಒಂದು ಬಗೆಯ ಭಯವರ್ಜಿತ ಸೀಮೆಯೇ.

ಉಪಸಂಹಾರ

ಪಾರಿಜಾತದ ಮಾತು ಉಳಿಯಿತು. ಗಡಿಯ ಮೇಲೆಯೇ ಹುಟ್ಟಿದ ಮರದ ಹೂ ಹಣ್ಣುಗಳು ಇಬ್ಬರಿಗೂ ಸಮಾನವೆಂದು ಕಾತ್ಯಾಯನನ ಮತ. ಆದರೆ ನಮ್ಮ ಮರದ ಬುಡವು ಗಡಿಯಿಂದ ಮುಕ್ಕಾಲು ಅಡಿ ಅವರ ಕಡೆಗಿತ್ತು. ಆದುದರಿಂದ ಅದು ನಿಸ್ಸಂದೇಹವಾಗಿ ಅವರದೇ. ಗೋಡೆಯ ಪಾಯ ತೋಡುವ ದಿನ ಅವರ ಮಗನು ತಾನಾಗಿಯೇ, “ಕಾಕಾ, ಬೇರಿಗೆ ಪೆಟ್ಟಾಗದಂತೆ ಅಲ್ಲಿ ಪಾಯವನ್ನು ಮೇಲೆ ನಿಲ್ಲಿಸುತ್ತೇನೆ” ಎಂದನು. ಇಂದಿಗೂ ಬೆಳಗಿನ ಜಾವ ಹೂಗಳು ಗೋಡೆಯ ಎರಡೂ ಬದಿಗೆ ಉದುರುತ್ತವೆ. ಆಚೆಯವು ಅವರ ಗಣಪತಿಗೆ, ಈಚೆಯವು ನಮ್ಮ ಸಾಲಿಗ್ರಾಮಕ್ಕೆ ಸಲ್ಲುತ್ತವೆ.

2020ರ ಸಂಕ್ರಾಂತಿಯಂದು ಗೋಡೆಯು ಬೇಲಿಗಿಂತ ಎತ್ತರವಾಗಿದ್ದುದರಿಂದ ತಟ್ಟೆಯನ್ನು ಮೇಲಿಂದ ಕೊಡಲಾಗಲಿಲ್ಲ. ಆ ವೃದ್ಧರು ಮುಂಬಾಗಿಲಿನಿಂದಲೇ ಬಂದರು.

ಇತಿ ಶಮ್.

ಶ್ರೀಕೃಷ್ಣಾರ್ಪಣಮಸ್ತು